ಮಳೆಗಾಲದಲ್ಲಿ ಬಂದ ಟೆಲಿಸ್ಕೋಪ್

ಕರಾವಳಿಯಲ್ಲಿ ಮನೆಯಿರುವವರು ಟೆಲಿಸ್ಕೋಪ್ ಕೊಳ್ಳುವ ಯೋಚನೆಯಲ್ಲಿದ್ದರೆ ನನ್ನ ಮೊದಲ ಸಲಹೆ ಇಷ್ಟೇ: ಮೇ ತಿಂಗಳ ಕೊನೆಗೆ ಆರ್ಡರ್ ಮಾಡಬೇಡಿ. ನಮ್ಮದು 2024ರ ಜೂನ್ 12ರಂದು ಬಂತು. ಉಡುಪಿಯ ಹತ್ತಿರದ ನಮ್ಮ ಊರಿನಲ್ಲಿ ಆ ದಿನ ಬೆಳಗಿನಿಂದ ಒಂದೇ ಸಮನೆ ಮಳೆ. ಕೊರಿಯರ್ ಹುಡುಗ ತನ್ನ ರೈನ್‌ಕೋಟನ್ನು ಪೆಟ್ಟಿಗೆಗೆ ಹೊದಿಸಿ, ತಾನು ತೋಯಿಸಿಕೊಂಡು ಬಂದಿದ್ದ. ಅವನಿಗೆ ಬಿಸಿ ಚಹಾ ಕೊಟ್ಟು ಕಳಿಸಿ ಪೆಟ್ಟಿಗೆಯನ್ನು ಒಳಗೆ ತಂದೆವು. ಅದರಲ್ಲಿ ಚಂದ್ರನನ್ನು ಸರಿಯಾಗಿ ಕಂಡದ್ದು ನವೆಂಬರ್ 9ರಂದು. ನಡುವೆ ಹೆಚ್ಚುಕಡಿಮೆ ಐದು ತಿಂಗಳು.

ಆ ಐದು ತಿಂಗಳನ್ನು ಬದಿಗಿಟ್ಟು ಈ ವಸ್ತುವಿನ ಗುಣದೋಷ ಬರೆಯಲು ನನ್ನಿಂದ ಆಗುವುದಿಲ್ಲ. ಹಾಗಾಗಿ ಇದು ಸ್ವಲ್ಪ ಉದ್ದವಾಗುತ್ತದೆ.

ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಅಳತೆಯದನ್ನು ಬೇರೆ ಬೇರೆ ಹೆಸರುಗಳಲ್ಲಿ ಮಾರುತ್ತಾರೆ, ಒಳಗಿನ ಸಾಮಾನು ಬಹುತೇಕ ಒಂದೇ ಥರ. ತಳದಲ್ಲಿ 114 ಮಿಲಿಮೀಟರ್ ಅಗಲದ ಕನ್ನಡಿ, ಸಂಗಮ ದೂರ (ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ದೂರ) 900 ಮಿಲಿಮೀಟರ್, ಕೊಳವೆಯನ್ನು ಹಿಡಿದು ತಿರುಗಿಸುವ ಈಕ್ವಟೋರಿಯಲ್ ಮೌಂಟ್, ಅಲ್ಯೂಮಿನಿಯಂ ಮುಕ್ಕಾಲಿ, ಕಣ್ಣಿಟ್ಟು ನೋಡುವ 25 ಮತ್ತು 10 ಮಿಲಿಮೀಟರಿನ ಎರಡು ಐಪೀಸ್‌ಗಳು, ಎರಡು ಪಟ್ಟು ಹಿಗ್ಗಿಸುವ ಒಂದು ಬಾರ್ಲೋ ಲೆನ್ಸ್. ಕೊಂಡಾಗ ಬೆಲೆ 17,500 ರೂಪಾಯಿ. ನಾನು ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಪೆಟ್ಟಿಗೆಯ ಮೇಲೆ 675 ಪಟ್ಟು ಎಂದು ದೊಡ್ಡದಾಗಿ ಅಚ್ಚಾಗಿದ್ದನ್ನು ಕಂಡಾಗಲೇ ನನಗೆ ಅನುಮಾನ ಬಂತು. ಸಂಗಮ ದೂರವನ್ನು ಐಪೀಸಿನ ಅಳತೆಯಿಂದ ಭಾಗಿಸಿದರೆ ಬರುವುದೇ ವರ್ಧನೆ: 25ರದ್ದು 36 ಪಟ್ಟು, 10ರದ್ದು 90 ಪಟ್ಟು, ಬಾರ್ಲೋ ಸೇರಿಸಿದರೆ 180. ಈ ಅಗಲದ ಕನ್ನಡಿಗೆ ಇನ್ನೂರು, ಹೆಚ್ಚೆಂದರೆ ಇನ್ನೂರ ಮೂವತ್ತು ಪಟ್ಟಿನ ಆಚೆ ಏನು ಹಾಕಿದರೂ ಚಿತ್ರ ದೊಡ್ಡದಾಗುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ. ಪೆಟ್ಟಿಗೆಯ ಮೇಲಿನ ಆ ಸಂಖ್ಯೆಯನ್ನು ನಂಬಿ ಯಾರೂ ಹಣ ಕೊಡಬೇಡಿ. ಇನ್ನೊಂದು ಮಾತು. ಇದೇ 114ರಲ್ಲಿ ಕೊಳವೆ ಅರ್ಧ ಮೀಟರಿಗಿಂತ ಗಿಡ್ಡವಾಗಿದ್ದು ಸಂಗಮ ದೂರ ಮಾತ್ರ 1000 ಎಂದು ಬರೆದಿರುವ ಮಾದರಿಗಳಿವೆ. ಅವುಗಳ ಒಳಗೆ ಒಂದು ಹೆಚ್ಚುವರಿ ಲೆನ್ಸ್ ಇರುತ್ತದೆ, ಚಿತ್ರ ಮಂಕು, ಕನ್ನಡಿ ಹೊಂದಿಸುವುದೂ ಕಷ್ಟ. ಕೊಳವೆ ಉದ್ದವಾಗಿರುವುದನ್ನೇ ತೆಗೆದುಕೊಳ್ಳಿ.

ಇದನ್ನು ತರಿಸಿದವರು ನಮ್ಮವರು, ಕೊಲ್ಲಿಯಿಂದ. ಹದಿನಾರು ವರ್ಷ ಅಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿದ್ದರು. ಎಂಟನೆಯ ತರಗತಿಯ ಮಗನ ಹುಟ್ಟುಹಬ್ಬಕ್ಕೆಂದು ಅಲ್ಲಿಂದಲೇ ಹಣ ಕಟ್ಟಿ, ತಾವು ಜೂನ್ ಒಂದಕ್ಕೆ ಮೂವತ್ತು ದಿನದ ರಜೆಯಲ್ಲಿ ಬಂದರು. ಜೂನ್ 5ರ ರಾತ್ರಿ ಎಂಟೂ ಇಪ್ಪತ್ತೆರಡಕ್ಕೆ ಫ್ಲಾರಿಡಾದಿಂದ ಬೋಯಿಂಗ್ ಕಂಪನಿಯ ಬಾಹ್ಯಾಕಾಶ ನೌಕೆ ಸ್ಟಾರ್‌ಲೈನರ್ ಏರಿದ್ದನ್ನು ಅಪ್ಪ, ಮಗ ಇಬ್ಬರೂ ಮೊಬೈಲಿನಲ್ಲಿ ನೋಡಿದರು. ಸುನೀತಾ ವಿಲಿಯಮ್ಸ್ ಹೋಗುತ್ತಿದ್ದಾರೆಂದು ಮಗನ ಶಾಲೆಯಲ್ಲೆಲ್ಲ ಅದೇ ಮಾತು. ಜೊತೆಗಿದ್ದ ಕಮಾಂಡರ್ ಬುಚ್ ವಿಲ್ಮೋರ್ ಯಾರೆಂದು ಆಗ ನಮಗೆ ತಿಳಿದಿರಲಿಲ್ಲ. ಎಂಟು ದಿನದ ಪ್ರಯಾಣ ಎಂದಿದ್ದರು.

ಮರುದಿನ ಬಾಹ್ಯಾಕಾಶ ನಿಲ್ದಾಣಕ್ಕೆ ಸೇರಿಕೊಳ್ಳುವ ಹೊತ್ತಿಗೆ ನೌಕೆಯ ದಿಕ್ಕು ತಿದ್ದುವ ಐದು ಥ್ರಸ್ಟರ್‌ಗಳು ಕೈಕೊಟ್ಟವು, ಹೀಲಿಯಂ ಸೋರುತ್ತಿತ್ತು. ನಾಲ್ಕನ್ನು ಹೇಗೋ ಮತ್ತೆ ಕೆಲಸಕ್ಕೆ ತಂದು ಸೇರಿಕೊಂಡರು. ಆಮೇಲೆ ಹಿಂದಿರುಗುವ ದಿನ ಒಂದೊಂದಾಗಿ ಮುಂದಕ್ಕೆ ಹೋಯಿತು. ಇತ್ತ ನಮ್ಮವರ ಟಿಕೆಟ್ಟೂ ಮುಂದಕ್ಕೆ ಹೋಯಿತು. ಜುಲೈ ಒಂದಕ್ಕೆ ಹೊರಡಬೇಕಿದ್ದವರಿಗೆ ಇನ್ನು ಹದಿನೈದು ದಿನ ಇರಿ ಎಂದು ಸಂದೇಶ ಬಂತು, ಆಮೇಲೆ ಇನ್ನೂ ಸ್ವಲ್ಪ ದಿನ ಎಂದು. ಜುಲೈ ಕೊನೆಗೆ ಎರಡು ಸಾಲಿನ ಪತ್ರ: ಪ್ರಾಜೆಕ್ಟ್ ಮುಗಿದಿದೆ, ಬರಬೇಕಾಗಿಲ್ಲ.

ಗಲ್ಫಿನಿಂದ ಬಂದವರಿಗೆ ನಮ್ಮ ಕಡೆ ಕೇಳುವ ಪ್ರಶ್ನೆ ಒಂದೇ. ‘ಯಾವಾಗ ವಾಪಸ್?’ ಮೊದಲ ತಿಂಗಳು ಅದು ಪ್ರೀತಿಯ ಪ್ರಶ್ನೆ. ಮೂರನೆಯ ತಿಂಗಳಿನಲ್ಲಿ ಅದೇ ಪ್ರಶ್ನೆ ಕೇಳಿದರೆ ಎದೆಗೆ ಚುಚ್ಚುತ್ತದೆ. ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ನಮ್ಮವರು ಅಂಗಳದಲ್ಲಿ ನಿಲ್ಲುವುದನ್ನು ಬಿಟ್ಟು ನೇರವಾಗಿ ಸ್ಕೂಟರಿನ ಕಡೆಗೆ ನಡೆಯತೊಡಗಿದರು.

ಅಷ್ಟೂ ದಿನ ಟೆಲಿಸ್ಕೋಪ್ ಪೆಟ್ಟಿಗೆಯಲ್ಲೇ ಇತ್ತು. ಪೆಟ್ಟಿಗೆ ಬಿಚ್ಚಿದ ದಿನವೇ ಮುಕ್ಕಾಲಿಯ ಒಂದು ಕಾಲಿನ ಪ್ಲಾಸ್ಟಿಕ್ ಕ್ಲಾಂಪ್ ಸೀಳಿದ್ದು ಕಂಡಿತ್ತು. ಮಾರಿದವರು ಫೋಟೋ ಕೇಳಿದರು, ಕಳಿಸಿದೆವು. ಇನ್ನೊಂದು ಕೋನದಿಂದ ಕೇಳಿದರು, ಅದನ್ನೂ ಕಳಿಸಿದೆವು. ಕೊನೆಗೆ ಹಿಂದಿರುಗಿಸುವ ಹತ್ತು ದಿನದ ಅವಧಿ ಮುಗಿದಿದೆ ಎಂದು ಉತ್ತರ ಬಂತು. ಹಣ ಕೈಯಲ್ಲಿದ್ದ ಕಾಲಕ್ಕೆ ಕೊಂಡ ವಸ್ತು, ಹಣದ ಚಿಂತೆ ಶುರುವಾದ ಮೇಲೆ ಮನೆಯ ಮೂಲೆಯಲ್ಲಿ ಎದ್ದು ಕಾಣುತ್ತದೆ. ನಾನು ದಿನಕ್ಕೆರಡು ಸಲ ಅದನ್ನು ದಾಟಿ ಅಡುಗೆಮನೆಗೆ ಹೋಗುವಾಗ ಮನಸ್ಸಿನಲ್ಲಿ 17,500 ಎಂದೇ ಕಾಣುತ್ತಿತ್ತು.

ಆಗಸ್ಟಿನ ಒಂದು ಮಧ್ಯಾಹ್ನ ನಮ್ಮವರು ಅದನ್ನು ಜಗಲಿಗೆ ತಂದು ಹಳೆಯ ಬೆಡ್‌ಶೀಟ್ ಹಾಸಿ ಬಿಚ್ಚತೊಡಗಿದರು. ಸೀಳಿದ ಕ್ಲಾಂಪಿನ ಜಾಗಕ್ಕೆ ಪೇಟೆಯ ಲೇತ್ ಅಂಗಡಿಯಲ್ಲಿ ಒಂದು ಅಲ್ಯೂಮಿನಿಯಂ ತುಂಡು ಕಡೆಸಿ ಬೋಲ್ಟ್ ಹಾಕಿದರು. ನೂರ ಇಪ್ಪತ್ತು ರೂಪಾಯಿ ಆಯಿತು. ಮೊದಲಿನದಕ್ಕಿಂತ ಅದೇ ಗಟ್ಟಿ. ಕೊಳವೆಯ ತಳದ ಕನ್ನಡಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಅಂಚಿನಲ್ಲಿ ನವಿರಾದ ಮಬ್ಬು. ಮಳೆಗಾಲದ ತೇವಕ್ಕೆ ನಮ್ಮಲ್ಲಿ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಕ್ಯಾಮೆರಾದ ಲೆನ್ಸಿಗೂ ಹಿಡಿಯುತ್ತದೆ. ಕನ್ನಡಿಯನ್ನು ಬಟ್ಟೆಯಿಂದ ಒರೆಸಬಾರದು, ಮೇಲಿನ ಅಲ್ಯೂಮಿನಿಯಂ ಲೇಪ ಗೀರಿಹೋಗುತ್ತದೆ. ಬಟ್ಟಿ ಇಳಿಸಿದ ನೀರನ್ನು ಅದರ ಮೇಲೆ ಹರಿಯಬಿಟ್ಟು, ವಾಲಿಸಿ ನಿಲ್ಲಿಸಿ ತಾನಾಗಿಯೇ ಒಣಗಲು ಬಿಟ್ಟರು. ಆಮೇಲೆ ಬಟ್ಟೆಯ ಕಪಾಟಿನ ಕೆಳಗಿನ ಖಾನೆ ಖಾಲಿ ಮಾಡಿ, ಕೊಳವೆಗೆ ತಾಗದಂತೆ ಹದಿನೈದು ವ್ಯಾಟಿನ ಒಂದು ಬಲ್ಬ್ ಉರಿಸಿಟ್ಟು, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರು. ಕರಾವಳಿಯವರಿಗೆ ಇದು ಕಡ್ಡಾಯ ಎನ್ನುತ್ತೇನೆ. ಕಂಪನಿ ಕೊಡುವ ಪುಸ್ತಿಕೆಯಲ್ಲಿ ಇದರ ಬಗ್ಗೆ ಒಂದು ಅಕ್ಷರವೂ ಇಲ್ಲ.

ಆ ಮಧ್ಯಾಹ್ನ ಎರಡು ತಿಂಗಳಲ್ಲಿ ಮೊದಲ ಸಲ ಅವರು ಕೆಲಸ ಮಾಡುತ್ತಾ ಗುನುಗಿದ್ದನ್ನು ಕೇಳಿದೆ.

ಆಗಸ್ಟ್ 23ರಂದು ಮಗನ ಶಾಲೆಯಲ್ಲಿ ಮೊದಲ ರಾಷ್ಟ್ರೀಯ ಬಾಹ್ಯಾಕಾಶ ದಿನ ಆಚರಿಸಿದರು, ಚಂದ್ರಯಾನ-3 ಇಳಿದು ವರ್ಷವಾಗಿತ್ತು. ಮರುದಿನವೇ ಸುದ್ದಿ: ಸ್ಟಾರ್‌ಲೈನರ್ ಖಾಲಿಯಾಗಿ ಹಿಂದಿರುಗುತ್ತದೆ, ಇಬ್ಬರೂ ಫೆಬ್ರುವರಿಯವರೆಗೆ ಮೇಲೆಯೇ ಇರಬೇಕು. ಸೆಪ್ಟೆಂಬರ್ 7ರಂದು ಖಾಲಿ ನೌಕೆ ನ್ಯೂ ಮೆಕ್ಸಿಕೊದ ಮರಳಿನಲ್ಲಿ ಸುರಕ್ಷಿತವಾಗಿ ಇಳಿಯಿತು. ‘ಅಮ್ಮ, 2019ರಲ್ಲಿ ವಿಕ್ರಮ್ ಲ್ಯಾಂಡರ್ ಬಿದ್ದದ್ದೂ ಸೆಪ್ಟೆಂಬರ್ ಏಳಕ್ಕೇ’ ಎಂದ ಮಗ. ಅವನಿಗೆ ದಿನಾಂಕಗಳು ಬಾಯಿಪಾಠ.

ವಿಲ್ಮೋರ್ ಬಗ್ಗೆ ನಮಗೆ ತಿಳಿದದ್ದು ಆ ದಿನಗಳಲ್ಲಿ. ಟೆಕ್ಸಸ್‌ನ ಪ್ಯಾಸಡೀನಾದಲ್ಲಿ ಒಂದು ಬ್ಯಾಪ್ಟಿಸ್ಟ್ ಸಭೆಯ ಹಿರಿಯರು ಅವರು. ಬಾಹ್ಯಾಕಾಶ ನಿಲ್ದಾಣದಿಂದಲೇ ತಮ್ಮ ಸಭೆಯ ಆರಾಧನೆಯಲ್ಲಿ ಸೇರಿಕೊಳ್ಳುತ್ತಿದ್ದರು, ಕಾಯಿಲೆ ಬಿದ್ದ ಸದಸ್ಯರಿಗೆ ಅಲ್ಲಿಂದ ಫೋನ್ ಮಾಡುತ್ತಿದ್ದರು ಎಂದು ಓದಿದೆ. ಭೂಮಿಯಿಂದ ನಾನೂರು ಕಿಲೋಮೀಟರ್ ಮೇಲೆ, ತೊಂಬತ್ತು ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತಾ, ಮನೆಗೆ ಹೋಗುವ ದಿನ ತಿಳಿಯದ ಮನುಷ್ಯ ಹಾಸಿಗೆ ಹಿಡಿದ ಅಜ್ಜಿಯೊಬ್ಬರ ಕ್ಷೇಮ ವಿಚಾರಿಸುವುದು! ಇದನ್ನು ನಮ್ಮವರಿಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಸ್ಕೂಟರಿನ ಕಡೆಗೆ ಹೋಗದೆ, ಗಾಲಿಕುರ್ಚಿಯಲ್ಲಿ ಬರುವ ನಮ್ಮ ಸಭೆಯ ಒಬ್ಬ ಹಿರಿಯರ ಪಕ್ಕದಲ್ಲಿ ಕುಳಿತರು. ಆ ಹಿರಿಯರು ‘ಯಾವಾಗ ವಾಪಸ್’ ಎಂದು ಕೇಳಲಿಲ್ಲ. ತಮ್ಮ ಮನೆಯ ನೀರಿನ ಪಂಪು ಕೆಟ್ಟಿದೆ, ಒಮ್ಮೆ ಬಂದು ನೋಡುತ್ತೀರಾ ಎಂದು ಕೇಳಿದರು.

ಇನ್ನು ಮೌಂಟ್ ವಿಷಯ. ಈ ಟೆಲಿಸ್ಕೋಪಿನ ದೊಡ್ಡ ದೋಷ ಇದೇ, ಅದೂ ನಮ್ಮಂಥ ದಕ್ಷಿಣದವರಿಗೆ. ಈಕ್ವಟೋರಿಯಲ್ ಮೌಂಟಿನ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ತಿರುಗಿಸಿ, ನಮ್ಮ ಊರಿನ ಅಕ್ಷಾಂಶಕ್ಕೆ ಹೊಂದಿಸಬೇಕು. ಉಡುಪಿ ಹದಿಮೂರು ಡಿಗ್ರಿಯ ಚಿಲ್ಲರೆ. ಹದಿಮೂರಕ್ಕೆ ಇಳಿಸಿದರೆ ಅಕ್ಷ ಬಹುತೇಕ ಮಲಗಿದಂತಾಗುತ್ತದೆ, ಸಮತೋಲನದ ತೂಕ ಕಟ್ಟಿದ ದಂಡ ಕೆಳಗಿಳಿದು ಮುಕ್ಕಾಲಿಯ ಕಾಲಿಗೆ ಬಡಿಯುತ್ತದೆ. ಧ್ರುವ ನಕ್ಷತ್ರವೋ, ದಿಗಂತದಿಂದ ಅಷ್ಟೇ ಡಿಗ್ರಿ ಮೇಲೆ. ನಮ್ಮ ಉತ್ತರಕ್ಕೆ ತೆಂಗಿನ ತೋಟ. ಕಾಣುವ ಮಾತೇ ಇಲ್ಲ, ದಿಕ್ಸೂಚಿ ಇಟ್ಟುಕೊಂಡು ಅಂದಾಜಿನಲ್ಲಿ ನಿಲ್ಲಿಸುತ್ತೇವೆ. ಚಂದ್ರ, ಗುರು, ಶನಿ ನೋಡಲು ಆ ಅಂದಾಜು ಸಾಕು. ಆದರೂ ಇದೇ ಹಣಕ್ಕೆ ಡಾಬ್ಸೋನಿಯನ್ ಸಿಕ್ಕರೆ, ಅಂದರೆ ಮರದ ಪೀಠದಲ್ಲಿ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸುಮ್ಮನೆ ತಿರುಗುವಂಥದ್ದು, ಅದನ್ನೇ ತೆಗೆದುಕೊಳ್ಳಿ. ಮಕ್ಕಳಿಗೂ ವಯಸ್ಸಾದವರಿಗೂ ಅದೇ ಅನುಕೂಲ. ಇದರಲ್ಲಿ ಕೊಳವೆ ತಿರುಗಿದಂತೆಲ್ಲ ಐಪೀಸ್ ವಿಚಿತ್ರ ಜಾಗಕ್ಕೆ ಹೋಗಿ ಕೂರುತ್ತದೆ, ಒಮ್ಮೊಮ್ಮೆ ಕತ್ತು ತಿರುಚಿ ನೋಡಬೇಕು.

ಗುರಿ ಹಿಡಿಯುವ ಕೆಂಪು ಚುಕ್ಕೆಯ ಸಾಧನ ಚೆನ್ನಾಗಿದೆ. ಆದರೆ ಆರಿಸಲು ಮರೆತರೆ ನಾಣ್ಯದಂಥ ಬ್ಯಾಟರಿ ರಾತ್ರಿ ಬೆಳಗಾಗುವುದರೊಳಗೆ ಖಾಲಿ.

ಅಕ್ಟೋಬರಿನಲ್ಲಿ ಎರಡು ಸಲ ಹೊರಗಿಟ್ಟೆವು. ಒಂದು ಸಲ ಮೋಡ ಬಂತು. ಇನ್ನೊಂದು ಸಲ ನಕ್ಷತ್ರಗಳೆಲ್ಲ ಬಾಲವಿರುವ ಹುಳುಗಳಂತೆ ಕಂಡವು, ಮಗನ ಮುಖ ಬಾಡಿತು. ಕನ್ನಡಿಗಳು ಒಂದೇ ಗೆರೆಯಲ್ಲಿಲ್ಲ ಎಂದು ನಮ್ಮವರು ಕಂಡುಹಿಡಿದರು. ಐಪೀಸ್ ಕೂರುವ ಜಾಗಕ್ಕೆ ಸರಿಹೊಂದುವ ಪ್ಲಾಸ್ಟಿಕ್ ಮುಚ್ಚಳವೊಂದರ ನಟ್ಟನಡುವೆ ಸೂಜಿ ಕಾಯಿಸಿ ತೂತು ಮಾಡಿ, ಹಗಲು ಬೆಳಕಿನಲ್ಲಿ ಅದರ ಮೂಲಕ ನೋಡುತ್ತಾ ಮೇಲಿನ ಚಿಕ್ಕ ಕನ್ನಡಿಯ ಮೂರು ತಿರುಪುಗಳನ್ನು, ಆಮೇಲೆ ತಳದ ಕನ್ನಡಿಯ ತಿರುಪುಗಳನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ಕುಳಿತರು. ಮೂರು ಮಧ್ಯಾಹ್ನ ಹಿಡಿಯಿತು. ಹದಿನಾರು ವರ್ಷ ದೊಡ್ಡ ದೊಡ್ಡ ಯಂತ್ರಗಳ ಒತ್ತಡ ಅಳೆಯುವ ಮೀಟರ್‌ಗಳನ್ನು ಸರಿಹೊಂದಿಸಿದ ಕೈ ಅದು.

ನವೆಂಬರ್ 9, ಶನಿವಾರ. ಮಳೆ ಹಿಂದಿರುಗಿತ್ತು. ಅಂಗಳದ ಮೇಲೆ ಅರ್ಧ ಚಂದ್ರ. 25ರ ಐಪೀಸ್ ಹಾಕಿ ಮಗ ಮೊದಲು ನೋಡಿದ, ಕಿರುಚಿದ. ನಾನು ನೋಡಿದೆ. ಬೆಳಕು ಮುಗಿದು ಕತ್ತಲು ಆರಂಭವಾಗುವ ಗೆರೆಯ ಗುಂಟ ಕುಳಿಗಳು, ಒಂದೊಂದರ ಒಳಗೂ ಅರ್ಧ ಮಸಿ ತುಂಬಿದಂತೆ ನೆರಳು. ಗೆರೆಯ ಆಚೆ, ಪೂರ್ತಿ ಕತ್ತಲಲ್ಲಿ ಒಂದೆರಡು ಬಿಳಿ ಚುಕ್ಕೆಗಳು ಒಂಟಿಯಾಗಿ ಹೊಳೆಯುತ್ತಿದ್ದವು. ಅವು ಶಿಖರಗಳು, ಬುಡಕ್ಕೆ ಇನ್ನೂ ಬೆಳಗಾಗಿಲ್ಲ, ತುದಿಗೆ ಮಾತ್ರ ಬಿಸಿಲು ಮುಟ್ಟಿದೆ. ನಮ್ಮ ಘಟ್ಟದಲ್ಲಿ ಬೆಳಗಿನ ಜಾವ ಕಾಣುವುದೂ ಹೀಗೆಯೇ.

ಅತ್ತೆಗೆ ಆಗ ಎಪ್ಪತ್ತೊಂಬತ್ತು. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ. ‘ನನಗೆ ಏನು ಕಾಣುತ್ತದೆ ಬಿಡು’ ಎಂದು ಜಗಲಿಯ ಕುರ್ಚಿಯಲ್ಲೇ ಕುಳಿತಿದ್ದರು. ಮೊಮ್ಮಗ ಕೈ ಹಿಡಿದು ಕರೆತಂದ. ಒಂದು ಕೈ ಅವನ ಹೆಗಲ ಮೇಲೆ, ಇನ್ನೊಂದು ಕೈ ಕುರ್ಚಿಯ ಬೆನ್ನಿನ ಮೇಲೆ ಇಟ್ಟು ಬಗ್ಗಿದರು. ಮೊದಲು ಏನೂ ಇಲ್ಲ ಎಂದರು. ಚಂದ್ರ ಸರಿದುಹೋಗಿತ್ತು, ನಮ್ಮವರು ತಿರುಪು ತಿರುಗಿಸಿ ಮತ್ತೆ ತಂದರು. ಅತ್ತೆ ತುಂಬಾ ಹೊತ್ತು ಮಾತಾಡಲಿಲ್ಲ. ‘ಅದು ಬೆಟ್ಟವಾ?’ ಎಂದು ಕೇಳಿದರು.

ಬೆಟ್ಟವೇ. ಅಪೆನೈನ್ ಎಂಬ ಸಾಲು, ಅರ್ಧ ಚಂದ್ರನ ದಿನ ಅದು ಎದ್ದು ಕಾಣುತ್ತದೆ. ಆ ಸಾಲಿನ ಬುಡದಲ್ಲಿ, ನಾಲ್ಕು ಕಿಲೋಮೀಟರಿಗೂ ಮಿಕ್ಕಿ ಎತ್ತರದ ಹ್ಯಾಡ್ಲಿ ಬೆಟ್ಟದ ನೆರೆಯಲ್ಲಿ 1971ರ ಜುಲೈ 30ರಂದು ಅಪೊಲೊ 15 ಇಳಿಯಿತು. ಅದರಲ್ಲಿದ್ದ ಜಿಮ್ ಅರ್ವಿನ್ ಅಲ್ಲಿ ನಿಂತು ಸುತ್ತಲಿನ ಬೆಟ್ಟಗಳನ್ನು ಕಂಡು ಬೈಬಲಿನ 121ನೆಯ ಕೀರ್ತನೆಯನ್ನು ನೆನೆದರು. ಸಂಡೇ ಸ್ಕೂಲಿಗೆಂದು ನಾನು ಅದನ್ನು ಓದಿಕೊಂಡಿದ್ದೆ. ಅತ್ತೆಗೆ ಹೇಳಿದೆ. ಅವರು ಐಪೀಸಿನಿಂದ ಕಣ್ಣು ತೆಗೆಯದೆ, ‘ನಾನು ಕಣ್ಣೆತ್ತಿ ಪರ್ವತಗಳ ಕಡೆಗೆ ನೋಡುತ್ತೇನೆ’ ಎಂದು ಶುರುಮಾಡಿ ಕೊನೆಯವರೆಗೂ ಹೇಳಿದರು. ಆ ಕೀರ್ತನೆ ಅವರಿಗೆ ಕಂಠಪಾಠ. ಮಾವ ತೀರಿಹೋದ ವರ್ಷವಿಡೀ ರಾತ್ರಿ ಮಲಗುವ ಮುಂಚೆ ಹೇಳುತ್ತಿದ್ದರು. ನಡುವೆ ಎರಡು ಸಲ ಬೆಟ್ಟ ಸರಿದುಹೋಯಿತು, ಮಗ ಸದ್ದಿಲ್ಲದೆ ತಿರುಪು ತಿರುಗಿಸಿ ಹಿಂದಕ್ಕೆ ತಂದ.

ಅರ್ವಿನ್ ಕಥೆಯ ಉಳಿದ ಭಾಗವನ್ನು ನಾನು ಆ ರಾತ್ರಿ ಹೇಳಲಿಲ್ಲ. ಆ ಪ್ರಯಾಣದಲ್ಲಿಯೇ ಅವರ ಹೃದಯದ ಬಡಿತ ತಪ್ಪುತ್ತಿದ್ದುದನ್ನು ಕೆಳಗಿದ್ದ ವೈದ್ಯರು ಕಂಡಿದ್ದರು. ಎರಡು ವರ್ಷದೊಳಗೆ ಹೃದಯಾಘಾತವಾಯಿತು. ಅರವತ್ತೊಂದನೆಯ ವಯಸ್ಸಿನಲ್ಲಿ, 1991ರಲ್ಲಿ ಹೃದಯದ ಕಾಯಿಲೆಯಿಂದಲೇ ತೀರಿಕೊಂಡರು. ನನ್ನ ಸಹಾಯ ಎಲ್ಲಿಂದ ಬರುತ್ತದೆ ಎಂದು ಚಂದ್ರನ ಮೇಲೆ ನಿಂತು ಹೇಳಿದವರಿಗೂ ಗಟ್ಟಿಯಾದ ಹೃದಯ ಸಿಗಲಿಲ್ಲ. ಮಕ್ಕಳಿಗೆ ಕಲಿಸುವಾಗ ಈ ಭಾಗವನ್ನು ನುಂಗಿಕೊಳ್ಳುವವರಿದ್ದಾರೆ. ನಾನು ನುಂಗುವುದಿಲ್ಲ, ಕ್ರಿಸ್ಮಸ್ ಮುಂಚಿನ ತರಗತಿಯಲ್ಲಿ ಹೇಳಿದೆ.

ಮರುದಿನ ಭಾನುವಾರ ಸಂಜೆ ಚಂದ್ರನಿಂದ ಅನತಿ ದೂರದಲ್ಲಿ ಶನಿ. 90 ಪಟ್ಟಿನಲ್ಲಿ ಹಳದಿ ಮಣಿ, ಅದರ ನಡುವೆ ಎರಡೂ ಕಡೆ ಚಾಚಿದ ಸೂಜಿ. ಚಿತ್ರಗಳಲ್ಲಿ ಕಾಣುವ ಅಗಲವಾದ ಬಳೆ ಎಲ್ಲಿ ಎಂದು ಅತ್ತೆ ಕೇಳಿದರು. ಬಳೆ ಈಗ ನಮಗೆ ಅಡ್ಡವಾಗಿ ತಿರುಗುತ್ತಿದೆ, 2025ರ ಮಾರ್ಚಿನಲ್ಲಿ ಪೂರ್ತಿ ಅಂಚು ಮಾತ್ರ ನಮ್ಮ ಕಡೆಗಿರುತ್ತದೆ, ಆಮೇಲೆ ವರ್ಷವರ್ಷವೂ ತೆರೆದುಕೊಳ್ಳುತ್ತದೆ ಎಂದು ಮಗ ವಿವರಿಸಿದ. ‘ಎಷ್ಟು ವರ್ಷ?’ ‘ಎರಡು ಮೂರು ವರ್ಷದಲ್ಲಿ ಚೆನ್ನಾಗಿ ಕಾಣುತ್ತದೆ ಅಜ್ಜಿ.’ ಅತ್ತೆ ಬೆರಳಿನಲ್ಲಿ ಎಣಿಸಿದರು.

ಡಿಸೆಂಬರಿನಲ್ಲಿ ಸಂಡೇ ಸ್ಕೂಲಿನ ಇಪ್ಪತ್ತೆರಡು ಮಕ್ಕಳು ನಮ್ಮ ಅಂಗಳಕ್ಕೆ ಬಂದರು. ಕ್ಯಾರಲ್ ಅಭ್ಯಾಸ ಮುಗಿಸಿ, ಅವಲಕ್ಕಿ ತಿಂದು, ಸರದಿಯಲ್ಲಿ ನಿಂತರು. ಪೂರ್ವದಲ್ಲಿ ಗುರು ಝಗಝಗ ಹೊಳೆಯುತ್ತಿತ್ತು. ಅದರ ನಾಲ್ಕು ಚಂದ್ರರು ಒಂದೇ ಗೆರೆಯಲ್ಲಿ, ಮೈಮೇಲೆ ಎರಡು ಕಂದು ಪಟ್ಟಿ. ಗುರುವನ್ನು ನೋಡಲು ಈ ಟೆಲಿಸ್ಕೋಪಿಗೆ ಪೂರ್ಣ ಅಂಕ ಕೊಡುತ್ತೇನೆ. ಗುರುವಿನಿಂದ ಸ್ವಲ್ಪ ಮೇಲೆ ಕೃತ್ತಿಕೆ, ಕೆಳಗೆ ಮೃಗಶಿರ ಏರುತ್ತಿತ್ತು. ಬರಿಗಣ್ಣಿಗೆ ಆರೋ ಏಳೋ ಕಾಣುವ ಕೃತ್ತಿಕೆ 36 ಪಟ್ಟಿನಲ್ಲಿ ನೀಲಿ ಹರಳು ಚೆಲ್ಲಿದಂತೆ ಕಾಣುತ್ತದೆ. 1968ರ ಕ್ರಿಸ್ಮಸ್ ಹಿಂದಿನ ರಾತ್ರಿ ಅಪೊಲೊ 8ರ ಮೂವರು ಚಂದ್ರನನ್ನು ಸುತ್ತುತ್ತಾ ಬೈಬಲಿನ ಆದಿಕಾಂಡದ ಮೊದಲ ಹತ್ತು ವಚನಗಳನ್ನು ಓದಿದ್ದನ್ನು ಮಕ್ಕಳಿಗೆ ಹೇಳಿದೆ. ಮಕ್ಕಳಿಗೆ ಅದಕ್ಕಿಂತ ಹಿಡಿಸಿದ್ದು ಯೋಬನ ಕಥೆ.

ನಮ್ಮ ಮನೆಯ ಆ ವರ್ಷದಲ್ಲಿ ನಾನು ಹೆಚ್ಚು ಓದಿದ್ದು ಯೋಬನ ಗ್ರಂಥವನ್ನೇ. ಮಕ್ಕಳು, ದನಕರು, ಮೈಯ ಆರೋಗ್ಯ ಎಲ್ಲ ಕಳೆದುಕೊಂಡವನು ಯಾಕೆ ಎಂದು ದೇವರನ್ನು ಕೇಳುತ್ತಾನೆ. ಸ್ನೇಹಿತರು ಬಂದು ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆ. ಕೊನೆಗೆ ದೇವರು ಮಾತಾಡುವಾಗ ಕಾರಣ ಕೊಡುವುದಿಲ್ಲ. ಕೃತ್ತಿಕೆಯ ಕಟ್ಟನ್ನು ನೀನು ಬಿಗಿಯಬಲ್ಲೆಯಾ, ಮೃಗಶಿರದ ಕಟ್ಟನ್ನು ಬಿಚ್ಚಬಲ್ಲೆಯಾ ಎಂದು ಕೇಳುತ್ತಾನೆ. ಚಿಕ್ಕವಳಿದ್ದಾಗ ಈ ಉತ್ತರ ನನಗೆ ಗದರಿಕೆಯಂತೆ ಕೇಳಿಸುತ್ತಿತ್ತು. ನಮ್ಮವರ ಕೆಲಸ ಹೋದ ಮೇಲೆ ಮನೆಗೆ ಬಂದವರೆಲ್ಲ ಕಾರಣ ತಂದರು. ಇದಕ್ಕಿಂತ ದೊಡ್ಡ ಕೆಲಸ ಕೊಡಲೆಂದೇ ದೇವರು ಬಿಡಿಸಿದ್ದಾನೆ ಎಂದರು ಒಬ್ಬರು. ಎಲ್ಲೋ ಪ್ರಾರ್ಥನೆ ಕಡಿಮೆಯಾಗಿದೆ ಎಂದರು ಇನ್ನೊಬ್ಬರು. ದೇವರ ಚಿತ್ತ ಎಂಬುದನ್ನು ನಾನೂ ನಂಬುತ್ತೇನೆ, ಆದರೆ ಅದನ್ನು ಎದುರಿಗಿರುವವರ ಬಾಯಿ ಮುಚ್ಚಿಸಲು ಬಳಸಿದಾಗ ಸಿಟ್ಟು ಬರುತ್ತದೆ. ಅಂಗಳದ ಕತ್ತಲಲ್ಲಿ ನಿಂತು ಕೃತ್ತಿಕೆಯನ್ನು ನೋಡುವಾಗ ಆ ಉತ್ತರ ಬೇರೆಯಾಗಿ ಕೇಳಿಸಿತು. ಯಾಕೆ ಎಂದು ಅಳುತ್ತಿದ್ದವನನ್ನು ಹೊರಗೆ ಕರೆತಂದು, ಪಕ್ಕದಲ್ಲಿ ನಿಂತು, ಮೇಲೆ ನೋಡು ಎಂದು ತೋರಿಸಿದಂತೆ. ಕಾರಣ ನನಗೆ ಇವತ್ತಿಗೂ ಸಿಕ್ಕಿಲ್ಲ. ನಮ್ಮ ಪಕ್ಕದಲ್ಲಿ ಆತ ನಿಂತಿದ್ದ ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ಬಾಹ್ಯಾಕಾಶ ನಿಲ್ದಾಣವನ್ನು ಈ ಟೆಲಿಸ್ಕೋಪಿನಲ್ಲಿ ನೋಡಬಹುದೇ ಎಂದು ಅನೇಕರು ಕೇಳಿದ್ದಾರೆ. ಆಗುವುದಿಲ್ಲ. ಗಂಟೆಗೆ 27,000 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹೋಗುವುದನ್ನು ತಿರುಪು ತಿರುಗಿಸಿ ಹಿಂಬಾಲಿಸಲು ಸಾಧ್ಯವಿಲ್ಲ. ಬರಿಗಣ್ಣೇ ಸಾಕು. ಜನವರಿಯ ಒಂದು ದಿನ ಅದು ತೆಂಗಿನ ತಲೆಗಳ ಮೇಲಿಂದ ಬಂದು, ಮಿನುಗದೆ, ಸದ್ದಿಲ್ಲದೆ ಆಕಾಶ ದಾಟಿ ನಡುವೆ ಆರಿಹೋಯಿತು. ಭೂಮಿಯ ನೆರಳಿಗೆ ಸೇರಿತು. ನಾಲ್ಕೈದು ನಿಮಿಷ ಅಷ್ಟೇ. ಅಷ್ಟು ಹೊತ್ತೂ ಮಗ ಕೈಬೀಸಿದ. ಅಲ್ಲಿರುವ ಇಬ್ಬರಿಗಾಗಿ ನಾವು ರಾತ್ರಿಯ ಪ್ರಾರ್ಥನೆಯಲ್ಲಿ ಸೆಪ್ಟೆಂಬರಿನಿಂದಲೂ ಬೇಡುತ್ತಿದ್ದೆವು. ಸುನೀತಾ ಅವರು ತಮ್ಮೊಡನೆ ಗಣಪತಿಯ ವಿಗ್ರಹ ಒಯ್ಯುವವರು ಎಂದು ಪಕ್ಕದ ಮನೆಯವರು ದೇವಸ್ಥಾನದಲ್ಲಿ ಅವರ ಹೆಸರಿನಲ್ಲಿ ಪೂಜೆ ಮಾಡಿಸಿದ್ದರು. ಆ ಹೊತ್ತು ಬೇಲಿಯ ಆಚೆ ಅವರೂ ಕತ್ತೆತ್ತಿ ನಿಂತಿದ್ದರು.

ಆ ತಿಂಗಳೇ ಟೆಲಿಸ್ಕೋಪ್ ಮಾರಾಟಕ್ಕಿಟ್ಟೆವು. ಮಗನ ಶಾಲೆಯ ಫೀಸಿನ ಕೊನೆಯ ಕಂತು ಬಾಕಿಯಿತ್ತು. ನಮ್ಮವರು ಫೋಟೋ ತೆಗೆದು 12,000 ಎಂದು ಹಾಕಿದರು, ಮಣಿಪಾಲದ ವಿದ್ಯಾರ್ಥಿಯೊಬ್ಬ ಭಾನುವಾರ ಬರುತ್ತೇನೆ ಎಂದ. ಶನಿವಾರ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಬಟ್ಟಲು ಸರಿಸಿ, ‘ಬಳೆ ತೆರೆಯುವವರೆಗೆ ಇರಲಿ’ ಎಂದರು. ತಮ್ಮ ಕಿವಿಯ ಓಲೆಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. ನಾನು ಬೇಡ ಎಂದೆ, ಅವರು ಕೇಳಲಿಲ್ಲ. ಓಲೆಯನ್ನು ನಮ್ಮ ಸೊಸೈಟಿಯಲ್ಲಿ ಅಡವಿಟ್ಟು ಫೀಸು ಕಟ್ಟಿದೆವು. ಜೂನ್‌ನಲ್ಲಿ ಬಿಡಿಸಿಕೊಂಡು ಅವರ ಕಿವಿಗೇ ಹಾಕಿದೆ.

ಫೆಬ್ರುವರಿಯಲ್ಲಿ ಮೇಲಿನಿಂದಲೇ ಒಂದು ಸಂದರ್ಶನದಲ್ಲಿ ವಿಲ್ಮೋರ್, ನಮ್ಮನ್ನು ಸಿಕ್ಕಿಹಾಕಿಕೊಂಡವರು ಎನ್ನಬೇಡಿ, ನಾವು ಸಿದ್ಧರಾಗಿ ಬಂದವರು, ಬದ್ಧರಾಗಿರುವವರು ಎಂಬರ್ಥದ ಮಾತು ಹೇಳಿದರು. ನಮ್ಮ ಮನೆಯಲ್ಲಿ ಆ ಮಾತು ಉಳಿಯಿತು. ‘ಇನ್ನೂ ಮನೆಯಲ್ಲೇ ಇದ್ದೀರಾ?’ ಎಂದು ಯಾರೋ ಕೇಳಿದಾಗ ನಮ್ಮವರು ‘ಹೌದು, ಸಿದ್ಧನಾಗಿದ್ದೇನೆ’ ಎಂದರು, ಮುಖ ತಗ್ಗಿಸದೆ. ಅಷ್ಟರಲ್ಲಿ ಊರಿನ ಹತ್ತಾರು ಮನೆಗಳ ಪಂಪು, ಫ್ರಿಜ್ ರಿಪೇರಿ ಅವರ ಕೈಗೆ ಬಂದಿತ್ತು.

2025ರ ಮಾರ್ಚ್ 19ರ ಬೆಳಗಿನ ಜಾವ ಮೂರೂ ಇಪ್ಪತ್ತೇಳಕ್ಕೆ ಇಬ್ಬರನ್ನೂ ಹೊತ್ತ ಡ್ರ್ಯಾಗನ್ ನೌಕೆ ಫ್ಲಾರಿಡಾದ ಬಳಿ ಸಮುದ್ರಕ್ಕಿಳಿಯಿತು. ನಾಲ್ಕು ಪ್ಯಾರಾಚೂಟ್, ಸುತ್ತ ಡಾಲ್ಫಿನ್‌ಗಳು. 286 ದಿನ. ಅತ್ತೆಯೂ ಎದ್ದು ಕುಳಿತಿದ್ದರು. ಹಿಂದಿರುಗಿದ ಮೇಲೆ ತಪ್ಪು ಯಾರದು ಎಂದು ಕೇಳಿದಾಗ ವಿಲ್ಮೋರ್ ಮೊದಲು ತಮ್ಮ ಕಡೆಗೇ ಬೆರಳು ತೋರಿಸಿಕೊಂಡರು, ಕೇಳಬೇಕಿದ್ದ ಕೆಲವು ಪ್ರಶ್ನೆಗಳನ್ನು ತಾನು ಕೇಳಲಿಲ್ಲ ಎಂದು. ದೇವರ ಮೇಲೆ ಭಾರ ಹಾಕುವವರು ತಮ್ಮ ಪಾಲಿನ ಹೊಣೆ ಜಾರಿಸುತ್ತಾರೆ ಎಂಬ ದೂರನ್ನು ನಾನು ಬಹಳ ಕೇಳಿದ್ದೇನೆ, ಅದಕ್ಕೇ ಈ ಮಾತನ್ನು ಸಂಡೇ ಸ್ಕೂಲಿನ ಹಲಗೆಯ ಮೇಲೆ ಬರೆದು ಹಾಕಿದೆ.

ನಮ್ಮವರು ಏಪ್ರಿಲ್‌ನಿಂದ ಮಲ್ಪೆಯ ಒಂದು ಐಸ್ ಪ್ಲಾಂಟಿಗೆ ಹೋಗುತ್ತಿದ್ದಾರೆ. ಸಂಬಳ ಮೊದಲಿನ ಅರ್ಧಕ್ಕಿಂತ ಕಡಿಮೆ.

ಅಂಕ ಕೊಡಲೇಬೇಕೆಂದರೆ: ಕನ್ನಡಿಗೆ ಐದಕ್ಕೆ ನಾಲ್ಕೂವರೆ. 25ರ ಐಪೀಸಿಗೆ ನಾಲ್ಕು, 10ರದ್ದಕ್ಕೆ ಮೂರು. ಬಾರ್ಲೋ ಲೆನ್ಸ್ ಪ್ಲಾಸ್ಟಿಕ್, ಹಾಕಿದರೆ ಗುರುವಿನ ಸುತ್ತ ನೇರಳೆ ಅಂಚು ಬರುತ್ತದೆ, ಒಂದು. ಮೌಂಟಿಗೆ ಎರಡು. ಮಾರಿದವರ ಸೇವೆಗೆ ಏನೂ ಕೊಡುವುದಿಲ್ಲ. ಒಟ್ಟಾರೆ ಮೂರೂವರೆ. ಹೊಸಬರು ಅಕ್ಟೋಬರಿನಲ್ಲಿ ಕೊಳ್ಳಿ, ಬಂದ ದಿನವೇ ಬಿಚ್ಚಿ ಪ್ರತಿ ಭಾಗವನ್ನೂ ಪರೀಕ್ಷಿಸಿ, ಮೊದಲ ವಾರ ಚಂದ್ರನನ್ನು ಮಾತ್ರ ನೋಡಿ.

2025ರ ನವೆಂಬರಿನಲ್ಲಿ ಮತ್ತೆ ಅಂಗಳಕ್ಕಿಟ್ಟೆವು. ಶನಿಯ ಬಳೆ ಮಾರ್ಚಿನಲ್ಲಿ ಅಂಚಾಗಿ, ಆಮೇಲೆ ಸ್ವಲ್ಪ ತೆರೆದು, ಆ ತಿಂಗಳು ಮತ್ತೆ ಕೂದಲಿನಷ್ಟು ತೆಳ್ಳಗಾಗಿತ್ತು. ಭೂಮಿ ತಾನೂ ಚಲಿಸುತ್ತಿರುವುದರಿಂದ ಹೀಗೆ ಒಮ್ಮೆ ಹಿಂದಕ್ಕೆ ಹೋದಂತೆ ಕಾಣುತ್ತದೆ, ಮುಂದಿನ ವರ್ಷದಿಂದ ಅಗಲವಾಗುತ್ತದೆ ಎಂದು ಮಗ ಹೇಳಿದ. ಅತ್ತೆ ಮೊಮ್ಮಗನ ಹೆಗಲು ಹಿಡಿದು ಬಗ್ಗಿ ನೋಡಿದರು.

‘ಇನ್ನೂ ಇಲ್ಲ’ ಎಂದರು. ಶಾಲನ್ನು ಸರಿಪಡಿಸಿಕೊಂಡು ಕುರ್ಚಿಗೆ ಹೋಗಿ ಕುಳಿತರು.